ಬಿಳಿ ಅಂಗಿಯ ಸಾಹೇಬರು ಕೊಕ್ಕರೆ ಗೂಡು ನೋಡಿದ್ದು

ಪಕ್ಷಿಧಾಮದಲ್ಲಿ ಚಿಕ್ಕಬೋರ ದೋಣಿ ನಡೆಸುತ್ತಿದ್ದ. ಒಂದು ಬೆಳಿಗ್ಗೆ ಅವನ ದೋಣಿಗೆ ದೊಡ್ಡ ಸಾಹೇಬರೊಬ್ಬರು ಹತ್ತಿದರು. ಗರಿಗರಿ ಇಸ್ತ್ರಿಯ ಬಿಳಿ ಅಂಗಿ, ಬಿಳಿ ಟೋಪಿ. ಹತ್ತು ಗಂಟೆಗೆ ಸಭೆಯಲ್ಲಿ ಅವರ ಭಾಷಣವಿತ್ತು.

"ಗೂಡಿನ ಬುಡಕ್ಕೇ ಬಿಡು. ಮರಿಗಳ ಜೊತೆ ಫೋಟೊ ಬೇಕು," ಎಂದರು.

ದೋಣಿ ಅಷ್ಟು ಹತ್ತಿರ ಹೋದರೆ ತಾಯಿ ಕೊಕ್ಕರೆಗಳು ಗಾಬರಿಬಿದ್ದು ಏಳುತ್ತವೆ. ಮರಿಗಳು ನೀರಿಗೆ ಬೀಳುತ್ತವೆ. ಕೆಳಗೆ ಮೊಸಳೆ ಕಾದಿರುತ್ತದೆ. ಬೋರ ಇದನ್ನೆಲ್ಲ ಹೇಳಿ ನೋಡಿದ.

"ನನಗೇ ಪಾಠ ಹೇಳ್ತೀಯಾ? ನಾಳೆಯಿಂದ ದೋಣಿ ಮುಟ್ಟಬೇಡ ಅಂದ್ರೆ ಏನ್ಮಾಡ್ತೀಯ?" ಎಂದರು ಸಾಹೇಬರು.

ಬೋರ ಹುಟ್ಟು ಹಾಕಿದ. ಸ್ವಲ್ಪ ದೂರ ಹೋದ ಮೇಲೆ ಕೈಚಾಚಿ, "ಸ್ವಾಮಿ, ಅಂಗಿ ಬಿಚ್ಚಿ ಕೊಡಿ. ಹಲಗೆ ಕೆಳಗೆ ಇಡ್ತೀನಿ," ಎಂದ.

"ಯಾಕಯ್ಯ?"

"ಆ ಮರ ಬೆಳ್ಳಗೆ ಕಾಣ್ತದಲ್ಲ, ಅದು ಹೂವಲ್ಲ. ಮೇಲೆ ಆರುನೂರು ಕೊಕ್ಕರೆ ಅವೆ. ಗಾಬರಿಯಾದ್ರೆ ಎಲ್ಲಾ ಒಟ್ಟಿಗೇ ಹಿಕ್ಕೆ ಹಾಕ್ತವೆ. ನಮ್ಮೂರ ಗದ್ದೆಗೆ ಬೇರೆ ಗೊಬ್ಬರವೇ ಬೇಡ. ಟೋಪಿನೂ ಕೊಡಿ. ಮೇಲೆ ನೋಡುವಾಗ ಬಾಯಿ ಮಾತ್ರ ಮುಚ್ಕೊಂಡಿರಿ."

ಸಾಹೇಬರು ಮರ ನೋಡಿದರು. ತಮ್ಮ ಅಂಗಿಯ ತೋಳು ನೋಡಿಕೊಂಡರು. ಅಷ್ಟರಲ್ಲಿ ಒಂಟಿ ಕೊಕ್ಕರೆಯೊಂದು ತಲೆಯ ಮೇಲೇ ಹಾರಿಹೋಯಿತು. ಸಾಹೇಬರು ಭಾಷಣದ ಫೈಲನ್ನು ಕೊಡೆಯಂತೆ ಹಿಡಿದು, "ನಿಲ್ಲಿಸು, ನಿಲ್ಲಿಸು. ಇಲ್ಲಿಂದಲೇ ಚೆನ್ನಾಗಿ ಕಾಣುತ್ತೆ," ಎಂದರು.

ದಡ ಮುಟ್ಟಿದ ಮೇಲೆ ಅವರ ಗತ್ತು ಮರಳಿ ಬಂತು. "ನೋಡಯ್ಯ, ಹತ್ತಿರ ಹೋದರೆ ಮರಿಗಳಿಗೆ ತೊಂದರೆ. ಇನ್ನು ಯಾರನ್ನೂ ಅಷ್ಟು ಹತ್ತಿರ ಕರಕೊಂಡು ಹೋಗಬೇಡ. ತಿಳೀತಾ?"

"ನೀವು ಹೇಳಿದ್ದು ಒಳ್ಳೇದಾಯ್ತು ಸ್ವಾಮಿ," ಎಂದು ಬೋರ ಕೈಮುಗಿದ. "ಇದೆಲ್ಲ ನಮ್ಮಂಥವರಿಗೆ ಎಲ್ಲಿ ಹೊಳೀಬೇಕು?"