ಆಮೆಮನೆಯ ನಿರ್ಮಾಲ್ಯ

"ಕೇಳ್ರಪ್ಪೋ ಕೇಳಿ. ರಾಣಿಯಮ್ಮನವರು ಸಾಕಿದ ಒಂಬತ್ತು ಆಮೆಗಳಲ್ಲಿ ಒಂದೇ ಉಳಿದದೆ. ಅಮ್ಮನವರು ಕಣ್ಣು ಮುಚ್ಚೋ ಮುಂಚೆ ಹೇಳಿಹೋದ ಮೂರು ಒಗಟು ಬಿಡಿಸಿ, ಅದರಂತೆ ಆಮೆಮನೆ ಅಣಿಮಾಡಿ, ಒಂದು ತಿಂಗಳು ಆ ಜೀವ ಉಳಿಸಿದವರಿಗೆ ಬೇಡಿದ್ದು ಕೊಡ್ತಾರೆ ಅರಸರು. ಆಮೆ ಸತ್ತರೆ ತಲೆ ಹೋಗ್ತದೆ."

ಬಿಳಿಗಲ್ಲುಕೋಟೆಯಲ್ಲಿ ಈ ಡಂಗುರ ಹೊಡೆದದ್ದು ಅದು ಮೂರನೆಯ ಸಲ. ಮೊದಲ ಸಲ ಮೂರು ಉಳಿದಿವೆ ಎಂದು ಸಾರಿದ್ದರು, ಎರಡನೆಯ ಸಲ ಎರಡು. ಅರಸ ಬಸವಂತರಾಯ ನೆಟ್ಟಗೆ ಹೇಳಿದ ಮಾತನ್ನು ಕಿವಿಗೆ ಹಾಕಿಕೊಳ್ಳುವ ಪೈಕಿ ಅಲ್ಲ. ಒಗಟು ಒಡ್ಡಿದರೆ ಮಾತ್ರ ಊಟ ಬಿಟ್ಟು ಕೂರುತ್ತಿದ್ದ. ಅವನ ಜೊತೆ ಹತ್ತು ವರ್ಷ ಬಾಳಿದ ರಾಣಿಗೆ ಅದು ಗೊತ್ತಿತ್ತು. ಅದಕ್ಕೇ ಪಾಪ, ಸಾಯುವಾಗಲೂ ಒಗಟಿನಲ್ಲೇ ಮಾತಾಡಿ ಹೋದಳು.

ಮೊದಲು ಬಂದವನು ಆಸ್ಥಾನದ ಪಂಡಿತ. ಆಮೆ ದೇವರ ಅವತಾರ, ಅದಕ್ಕೆ ಹೊಳೆಯ ಸಣ್ಣ ಮರಳೇ ಹಾಸಿಗೆ ಎಂದು ಗಾಡಿಗಟ್ಟಲೆ ಸುರಿಸಿದ. ಆಮೆ ಮೇವಿನ ಜೊತೆ ಮರಳನ್ನೂ ನುಂಗಿತು, ಹೊಟ್ಟೆ ಕಟ್ಟಿ ಸತ್ತಿತು. ಆಮೇಲೆ ಬಂದ ರತ್ನದ ವ್ಯಾಪಾರಿ ನುಣುಪು ಕಲ್ಲು ಹಾಸಿಸಿದ. ಕಾಲು ಜಾರಿ ಜಾರಿ ಆ ಆಮೆ ಏಳದಾಯಿತು, ಬಾಯಲ್ಲಿ ನೊರೆ ಬಂದು ಅದೂ ಹೋಯಿತು. ಇಬ್ಬರ ತಲೆಗಳೂ ಈಗ ಕೋಟೆಬಾಗಿಲ ಮೇಲಿದ್ದವು.

ಆ ಬಾಗಿಲ ಕೆಳಗೇ ಮಲ್ಲಾಜಿ ಹುಲ್ಲು ಮಾರುತ್ತಿದ್ದಳು. ಆಮೆಗಳನ್ನು ನೋಡಿಕೊಳ್ಳುತ್ತಿದ್ದ ಚೌಡ ಅವಳ ಅಣ್ಣ. ಮೊದಲ ಆರು ಆಮೆ ಸತ್ತದ್ದಕ್ಕೆ ಅವನನ್ನು ಸೆರೆಗೆ ಹಾಕಿದ್ದರು. ಕೊನೆಯದೂ ಸತ್ತರೆ ಅವನನ್ನೂ ಮುಗಿಸುವುದೆಂದು ತೀರ್ಮಾನವಾಗಿತ್ತು. ಮಲ್ಲಾಜಿ ಹೊರೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕುಡುಗೋಲನ್ನು ಪಕ್ಕದ ಅಂಗಡಿಯವಳ ಕೈಗೆ ಕೊಟ್ಟು ಒಳಗೆ ನಡೆದಳು.

ಅರಸ ಒಗಟು ಹೇಳಿದ. ಹೆಂಡತಿಯ ಮಾತನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದ್ದ.

"ದೇವರ ಮುಡಿಗೆ ಏರುತ್ತದೆ, ನನ್ನ ಮಕ್ಕಳ ಬಾಯಿಗೆ ಬಂದರೆ ಜೀವ ತೆಗೆಯುತ್ತದೆ, ಅದು ಯಾವುದು? ಮೈತುಂಬ ಮುಳ್ಳು, ಊರವರು ಬೇಲಿಯಲ್ಲಿ ನಿಲ್ಲಿಸಿದ್ದಾರೆ, ಬೆಂಕಿ ತೋರಿಸಿದರೆ ಅನ್ನವನ್ನೂ ನೀರನ್ನೂ ಒಟ್ಟಿಗೇ ಬಡಿಸುತ್ತದೆ, ಅದು ಯಾವುದು? ತುಳಿದರೆ ಜಾರದು, ತೋಡಿದರೆ ಕುಸಿಯದು, ನೀರು ಕುಡಿದರೂ ಕೆಸರಾಗದು, ಅಂಥ ಹಾಸಿಗೆ ಯಾವುದು?"

ಮೊದಲನೆಯದಕ್ಕೆ ಪಂಡಿತ ಚಂದ್ರ ಎಂದಿದ್ದ, ಬೆಳದಿಂಗಳ ಚಳಿಗೆ ಸಾಯುತ್ತವೆಂದು ಕಿಟಕಿ ಮುಚ್ಚಿಸಿದ್ದ. ವ್ಯಾಪಾರಿ ಹಾವು ಎಂದಿದ್ದ. ಮಲ್ಲಾಜಿ ಮೊದಲು ಆಮೆಮನೆ ನೋಡಬೇಕೆಂದಳು.

ನುಣುಪು ಕಲ್ಲಿನ ಮೂಲೆಯಲ್ಲಿ ಕೊನೆಯ ಆಮೆ ಕತ್ತು ಒಳಗೆಳೆದುಕೊಂಡು ಕೂತಿತ್ತು. ಅದರ ಚಿಪ್ಪಿನ ಮೇಲೆ ಅರಿಸಿನ, ಕುಂಕುಮ. ಸುತ್ತ ಎಲೆ ಸಮೇತ ಕೆಂಪು ಕಣಗಿಲೆ ಹೂವು, ಅರ್ಧ ಬಾಡಿದ್ದು. ಮಲ್ಲಾಜಿ ಬಾಗಿ ಒಂದು ಎಲೆ ಎತ್ತಿ ನೋಡಿದಳು. ಹುಲ್ಲಿನ ಹೊರೆ ಕಟ್ಟುವವರು ಮೊದಲು ಕಲಿಯುವುದೇ ಕಣಗಿಲೆ ಎಲೆ ಆರಿಸಿ ಬಿಸಾಡುವುದನ್ನು. ಒಂದು ಸಲ ಮರೆತದ್ದಕ್ಕೆ ಅವಳ ಓಣಿಯಲ್ಲಿ ಎರಡು ಹಸು ಸತ್ತಿದ್ದವು.

ಹೂ ಇಟ್ಟವರು ಯಾರೆಂದು ಕಾವಲಿನವನನ್ನು ಕೇಳಿದಳು. ಅರಸರೇ, ರಾಣಿಯ ಹೆಸರಿನಲ್ಲಿ ದಿನಾ ಬೆಳಗ್ಗೆ ತಮ್ಮ ಕೈಯಾರೆ ಪೂಜೆ ಮಾಡುತ್ತಾರೆ ಎಂದ. ಪೂಜೆಯ ಹೂವನ್ನು ಮರುದಿನದ ಪೂಜೆಯವರೆಗೆ ಯಾರೂ ತೆಗೆಯುವಂತಿಲ್ಲ, ಒಮ್ಮೆ ತೆಗೆಯಹೋದ ಚೌಡನಿಗೆ ಹನ್ನೆರಡು ಛಡಿಯೇಟು ಬಿದ್ದಿತ್ತಂತೆ. ಹೇಳಿದರೆ ತನ್ನ ತಲೆ, ಹೇಳದಿದ್ದರೆ ಅಣ್ಣನದು. ಅವಳು ಅರಸನ ಬಳಿಗೆ ಹಿಂತಿರುಗಿದಳು.

ಸಭೆಯಲ್ಲಿ ಕೊನೆಯ ಒಗಟಿನಿಂದ ಶುರುಮಾಡಿದಳು. ಎರಡು ಪಾಲು ಹೊಲದ ಮಣ್ಣು, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ ಗೇಣು ದಪ್ಪ ಹಾಸಿ, ಒಂದು ಮೂಲೆಗೆ ಮಾತ್ರ ದಿನಾ ನೀರು ಚಿಮುಕಿಸಬೇಕು, ಬೇಕೆಂದಾಗ ಆಮೆ ಅದರಲ್ಲಿ ಹುದುಗಿಕೊಳ್ಳುತ್ತದೆ ಎಂದಳು. ಎರಡನೆಯದು ಪಾಪಾಸುಕಳ್ಳಿ, ಮುಳ್ಳು ಸುಟ್ಟು ಮುಂದಿಟ್ಟರೆ ಆಮೆಗೆ ಮೇವೂ ಆಯಿತು, ನೀರೂ ಆಯಿತು. ಜೊತೆಗೆ ಗರಿಕೆ, ದಾಸವಾಳ ನೆಟ್ಟರೆ ಸಾಕು ಎಂದಳು.

"ಮೊದಲನೆಯದು?" ಎಂದ ಅರಸ.

"ಕಣಗಿಲೆ, ಬುದ್ದಿ. ತಮ್ಮ ಪೂಜೆ ಹೂವು."

ಅರಸನ ಕೈ ಕತ್ತಿಯ ಹಿಡಿಗೆ ಹೋದದ್ದನ್ನು ಮಲ್ಲಾಜಿ ನೋಡಿದಳು. ನಾನೇ ಕೊಂದೆನೆನ್ನುತ್ತೀಯಾ ಎಂದು ಅವನು ಕೇಳಿದ. ತಿಂಗಳು ಪೂರ್ತಿ ಹೂವಿಲ್ಲದೆ ಕೈಮುಗಿಯಿರಿ, ಆಮೇಲೆ ಆಮೆಯೇ ಹೇಳುತ್ತದೆ ಎಂದಳು ಅವಳು.

ತಿಂಗಳಿಡೀ ಅವಳು ಆಮೆಮನೆಯಲ್ಲೇ ಮಲಗಿದಳು. ಅರಸ ದಿನಾ ಬರಿಗೈಯಲ್ಲಿ ಬಂದು, ಬಾಗಿಲಲ್ಲಿ ನಿಂತು, ಕೈಮುಗಿದು ಹೋಗುತ್ತಿದ್ದ. ಹತ್ತು ದಿನ ಆಮೆ ಕದಲಲಿಲ್ಲ. ಹನ್ನೊಂದನೆಯ ದಿನ ಮಣ್ಣು ತೋಡಿತು. ತಿಂಗಳು ತುಂಬಿದ ಬೆಳಗ್ಗೆ ಅರಸನ ಎದುರಿಗೇ ದಾಸವಾಳದ ಹೂವೊಂದನ್ನು ಎಳೆದೆಳೆದು ತಿಂದಿತು. ಅರಸ ಗೋಡೆ ಹಿಡಿದು ಕೆಳಗೆ ಕೂತ.

ಬೇಡಿಕೊ ಎಂದಾಗ ಮಲ್ಲಾಜಿ ಚಿನ್ನ ಕೇಳಲಿಲ್ಲ.

"ನನ್ನ ಅಣ್ಣನ್ನ ಬಿಡಿ, ಬುದ್ದಿ. ಬಾಗಿಲ ಮೇಲಿರೋ ಎರಡು ತಲೆ ಇಳಿಸಿ, ನಿಮ್ಮ ಕೈಯಾರೆ ಅವರವರ ಮನೆಗೆ ಮುಟ್ಟಿಸಿ."

ಚೌಡನನ್ನು ಆ ಕ್ಷಣವೇ ಬಿಟ್ಟರು. ಬೆನ್ನಿನ ಬರೆಯ ಗುರುತು ಇನ್ನೂ ಮಾಸಿರಲಿಲ್ಲ, ಸೆರೆಯಲ್ಲಿ ಸೊರಗಿದ್ದವನು ತಂಗಿಯ ಹೆಗಲು ಹಿಡಿದು ನಡೆದ. ಮುಂದೆ ಅರಸ, ಬರಿಗಾಲಲ್ಲಿ, ಬಿಳಿ ಬಟ್ಟೆಯ ಎರಡು ಗಂಟು ಹೊತ್ತು. ಪಂಡಿತನ ಮನೆಯ ಜಗಲಿಯಲ್ಲಿ ಅವನ ಹೆಂಡತಿ ಅಕ್ಕಿ ಆರಿಸುತ್ತಿದ್ದಳು. ಅರಸ ಚಾಚಿದ ಗಂಟನ್ನು ನೋಡಿದಳು. ಮೊರ ಪಕ್ಕಕ್ಕಿಟ್ಟು, ಎರಡೂ ಕೈ ಚಾಚಿ ಅದನ್ನು ಮಡಿಲಿಗೆ ತೆಗೆದುಕೊಂಡಳು.

"ಆಮೆ ಚೆನ್ನಾಗಿದೆಯಾ, ಸ್ವಾಮಿ?" ಎಂದು ಕೇಳಿದಳು.

ಎರಡನೆಯ ಗಂಟು ಇನ್ನೂ ಅರಸನ ಕೈಯಲ್ಲಿತ್ತು.