ಕೊನೆಯ ಬೈಕಿನ ಕನ್ನಡಿ

ನಾನು ಮೊದಲ ಸಲ ಮನೆ ಬಿಟ್ಟದ್ದು ಏಳನೇ ಕ್ಲಾಸಿನ ಲೆಕ್ಕದ ಪರೀಕ್ಷೆಯಿದ್ದ ಸೋಮವಾರ. ಆಮೇಲೆ ವರ್ಷಗಟ್ಟಲೆ ಸುತ್ತಿದ ಊರುಗಳಲ್ಲಿ ಹಿರಿಯೂರೂ ಒಂದು. ಅಲ್ಲಿ ಒಂದು ಬೈಕ್ ಕ್ಲಬ್ಬಿಗೆ ಸೇರಿಕೊಂಡೆ. ರಸ್ತೆಯಲ್ಲಿ ಗುಂಡಿ ಕಂಡವರು ಕಾಲು ಚಾಚಿ ಹಿಂದಿನವರಿಗೆ ತೋರಿಸಬೇಕೆಂಬುದು ಅಲ್ಲಿನ ಕಟ್ಟಳೆ. ಸಾಲಿನಲ್ಲಿ ನನ್ನದು ಕೊನೆಯ ಬೈಕು.

ಒಂದು ಬೆಳಗ್ಗೆ ನನ್ನ ಮುಂದಿದ್ದ ಓಬಳೇಶಪ್ಪ ಕಾಲು ಚಾಚಿದರು. ನಾನೂ ಚಾಚುವಷ್ಟರಲ್ಲಿ ನನ್ನ ಬೈಕಿನ ಕನ್ನಡಿ ನಕ್ಕಿತು.

"ಯಾರಿಗಪ್ಪಾ ತೋರಿಸ್ತೀಯಾ? ಹಿಂದೆ ಒಂದು ನರಪಿಳ್ಳೆಯೂ ಇಲ್ಲ."

ಹಿಂಬದಿಯ ಕೆಂಪು ದೀಪ ಹೇಳಿತು, "ನನಗೂ ಯಾರೂ ಕಾಣುವುದಿಲ್ಲ. ಆದರೂ ಉರಿಯುತ್ತಿದ್ದೇನೆ. ನೀನು ಕಾಲು ಚಾಚು."

"ಕಣ್ಣಿಲ್ಲದವನ ಮಾತು ಕೇಳ್ತೀಯಾ?" ಎಂದಿತು ಕನ್ನಡಿ.

ನಾನು ಕಾಲು ಚಾಚಲಿಲ್ಲ.

ಟೀ ಅಂಗಡಿಯಲ್ಲಿ ಓಬಳೇಶಪ್ಪ ಸಾಲನ್ನೊಮ್ಮೆ ನೋಡಿ ಕೇಳಿದರು, "ತಡವಾಗಿ ಹೊರಟ ಸಕೀನಾ ದಾರಿಯಲ್ಲಿ ನಿನ್ನ ಹಿಂದೆ ಎಡಕ್ಕೆ ಬಂದು ಸೇರಿಕೊಂಡಳಲ್ಲೋ, ಎಲ್ಲಿ?"

ಎಲ್ಲರೂ ಬೈಕು ತಿರುಗಿಸಿ ಹಿಂದಕ್ಕೆ ಹೋದೆವು. ಕನ್ನಡಿಗೆ ಕಾಣದಷ್ಟು ಹತ್ತಿರದಲ್ಲೇ ಅವಳು ಬರುತ್ತಿದ್ದಳಂತೆ. ಗುಂಡಿಯ ಆಚೆ ಬಿದ್ದಿದ್ದವಳು ನನ್ನನ್ನು ನೋಡಿ, "ನಿನ್ನ ಕಾಲನ್ನೇ ನೋಡ್ತಾ ಬರ್ತಿದ್ದೆನಲ್ಲ ಅಣ್ಣ" ಎಂದಳು. ಅದೇ ಅವಳ ಕೊನೆಯ ಮಾತು.

ಅಂದಿನಿಂದ ರಸ್ತೆ ಖಾಲಿಯಿದ್ದರೂ ಕನ್ನಡಿ "ಹಿಂದೆ ಅವಳಿದ್ದಾಳೆ" ಎನ್ನುತ್ತದೆ. ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ನಾನು ಪ್ರತಿ ಗುಂಡಿಗೂ ಕಾಲು ಚಾಚುತ್ತೇನೆ.

ಈ ಊರೂ ಸಾಕೆಂದು ಇವತ್ತು ಬಟ್ಟೆಚೀಲವನ್ನು ಸೀಟಿಗೆ ಬಿಗಿದೆ. ಕಿಕ್ ಹೊಡೆಯಲು ಕಾಲೆತ್ತಿದಾಗ ಕನ್ನಡಿ ಮೆಲ್ಲಗೆ ಹೇಳಿತು, "ಸ್ವಲ್ಪ ನಿಲ್ಲು. ಅವಳಿನ್ನೂ ಹೆಲ್ಮೆಟ್ ಕಟ್ಟಿಕೊಳ್ಳುತ್ತಿದ್ದಾಳೆ."