ಸಡಿಲವಾದ ಇಕ್ಕಳ

ಅನಸೂಯಮ್ಮ ಒಲೆಯಿಂದ ಇಳಿಸುತ್ತಿದ್ದ ಹಾಲಿನ ಪಾತ್ರೆ ಮತ್ತೆ ಜಾರಿ ಬಿತ್ತು. "ಈ ಇಕ್ಕಳವೂ ಸಡಿಲ ಕಣೆ" ಎಂದು ಸೊಸೆಗೆ ಹೇಳಿ, ಅದನ್ನು ಹಳೇ ಸಾಮಾನಿನ ಡಬ್ಬಕ್ಕೆ ಹಾಕಿದರು. ಅಲ್ಲಿ ಮೊದಲೇ ಬಿದ್ದಿದ್ದ ಹಳೆಯ ಇಕ್ಕಳ, "ಬಾರಪ್ಪ" ಎಂದು ಜಾಗ ಬಿಟ್ಟಿತು.

"ನಾನು ಗಟ್ಟಿಯಾಗಿಯೇ ಇದ್ದೇನೆ! ಅವರ ಬೆರಳುಗಳೇ ನನ್ನನ್ನು ಒತ್ತಲಿಲ್ಲ" ಎಂದು ಹೊಸ ಇಕ್ಕಳ ಸಿಡುಕಿತು.

"ಗೊತ್ತು. ನಾನೂ ಗಟ್ಟಿಯಾಗಿಯೇ ಇದ್ದೇನೆ."

"ಮತ್ತೆ ಹೇಳಬಾರದಿತ್ತೆ?"

ಹಳೆಯದು ದಣಿದ ದನಿಯಲ್ಲಿ ಹೇಳಿತು: "ಹೇಳಿದರೆ ನಾಳೆಯಿಂದ ಅವರನ್ನು ಒಲೆಯ ಹತ್ತಿರ ಬಿಡುವುದಿಲ್ಲ. ಆಮೇಲೆ ಅವರು ಎಲ್ಲಿ ಕೂರಬೇಕು?"

ಅಷ್ಟರಲ್ಲಿ ಸೊಸೆಯ ಮಾತು ಕೇಳಿಸಿತು: "ಹೋಗಲಿ ಬಿಡಿ ಅತ್ತೆ, ಬೇರೆ ಇಕ್ಕಳ ತರೋಣ."

ಹೊಸ ಇಕ್ಕಳ ಪಕ್ಕಕ್ಕೆ ಸರಿದು, ಬರಲಿರುವುದಕ್ಕೆ ಜಾಗ ಮಾಡಿತು.